ಮಕ್ಕಳ ಥೈರಾಯ್ಡ್ ಕ್ಯಾನ್ಸರ್: ಸಂಖ್ಯೆ ಏರಿದೆ ಅಂದ್ರೆ ಕಾಯಿಲೆಯೂ ಏರಿದೆ ಅಂತಾನಾ?

(ಈ ವಾರದ ಆಡಿಯೊ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕೂತವರು, ಮೆಟ್ರೋದಲ್ಲಿ ನಿಂತವರು, ಅಡುಗೆಮನೆಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಮಕ್ಕಳು ಮತ್ತು ಹದಿಹರೆಯದವರಲ್ಲಿ ಥೈರಾಯ್ಡ್ ಕ್ಯಾನ್ಸರ್. ಹೆಸರು ಕೇಳಿದ ತಕ್ಷಣ ಸ್ಕಿಪ್ ಮಾಡ್ಬೇಡಿ. ಇದರಲ್ಲಿ ಅಣು ದುರಂತ ಇದೆ, ಹಾಲಿನ ಲೋಟ ಇದೆ, ಸ್ಕ್ಯಾನಿಂಗ್ ಮಷೀನ್ ಇದೆ, ಮತ್ತೆ ನಮ್ಮ ಕಾಲದ ಒಂದು ದೊಡ್ಡ ಪ್ರಶ್ನೆ ಇದೆ. ಕಾಯಿಲೆಯ ಗ್ರಾಫ್ ಮೇಲಕ್ಕೆ ಹೋಗ್ತಿದೆ ಅಂದ್ರೆ ಕಾಯಿಲೆ ನಿಜವಾಗ್ಲೂ ಹೆಚ್ಚಾಗ್ತಿದೆಯಾ, ಅಥವಾ ನಾವು ಹುಡುಕೋದು ಹೆಚ್ಚಾಗಿದೆಯಾ?

ಈ ಪ್ರಶ್ನೆಗೆ ಚೆರ್ನೋಬಿಲ್ ಒಂದು ಉತ್ತರ ಕೊಟ್ಟಿತು. ಫುಕುಶಿಮಾ ಬಹುಮಟ್ಟಿಗೆ ಬೇರೆ ಉತ್ತರ ಕೊಟ್ಟಿತು. ಎರಡನ್ನೂ ನೋಡೋಣ. ಕೊನೆಗೆ ನಮ್ಮ ನಿಮ್ಮ ಕುತ್ತಿಗೆ ವಿಷಯಕ್ಕೂ ಬರ್ತೀನಿ.

ಮೊದಲು ಗ್ರಂಥಿಯ ಪರಿಚಯ

ನಮ್ಮಲ್ಲಿ "ನಂಗೆ ಥೈರಾಯ್ಡ್ ಇದೆ ಕಣೇ" ಅಂತ ಹೇಳೋದು ರೂಢಿ. ಹಾಗೆ ನೋಡಿದ್ರೆ ಥೈರಾಯ್ಡ್ ಎಲ್ಲರಿಗೂ ಇದೆ. ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಿನ ಉಬ್ಬಿನ ಸ್ವಲ್ಪ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಕಾಣೋ ಪುಟ್ಟ ಗ್ರಂಥಿ ಅದು. ದೇಹದ ವೇಗ ನಿಗದಿ ಮಾಡೋ ಹಾರ್ಮೋನು ತಯಾರಿಸೋದು ಅದರ ಕೆಲಸ. ಆ ಹಾರ್ಮೋನು ಕಮ್ಮಿಯಾದ್ರೆ ಸುಸ್ತು, ತೂಕ ಏರೋದು, ಮುಟ್ಟಿನ ಏರುಪೇರು. ನಾವು "ಥೈರಾಯ್ಡ್ ಇದೆ" ಅನ್ನೋದು ಸಾಮಾನ್ಯವಾಗಿ ಇದಕ್ಕೆ. ಅದಕ್ಕೂ ಕ್ಯಾನ್ಸರಿಗೂ ಸಂಬಂಧ ಕಟ್ಟಿ ಹೆದರಬೇಕಾಗಿಲ್ಲ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಹೆಚ್ಚು ಬಂದ್ರೆ ಅದು ಕ್ಯಾನ್ಸರ್ ರಿಪೋರ್ಟ್ ಅಲ್ಲ.

ಈ ಗ್ರಂಥಿಗೆ ಒಂದು ವಿಶೇಷ ಹಸಿವಿದೆ, ಅಯೋಡಿನ್ ಹಸಿವು. ಹಾರ್ಮೋನು ತಯಾರಾಗೋಕೆ ಅಯೋಡಿನ್ ಬೇಕೇ ಬೇಕು. ಊಟದಲ್ಲಿ ಅದು ಸಾಕಷ್ಟು ಸಿಗದಿದ್ರೆ ಗ್ರಂಥಿ ಊದಿಕೊಳ್ಳುತ್ತೆ. ಹಳಬರು ಅದನ್ನೇ ಗಳಗಂಡ ಅಂತಿದ್ದರು. ಅಯೋಡಿನ್ ಸೇರಿಸದ ಉಪ್ಪನ್ನ ಊಟಕ್ಕೆ ಅಂತ ಮಾರೋದನ್ನ ಭಾರತ ಸರ್ಕಾರ 2006ರಲ್ಲಿ ದೇಶಾದ್ಯಂತ ನಿಷೇಧಿಸಿದ್ದು ಇದೇ ಕಾರಣಕ್ಕೆ. ಉಪ್ಪಿನ ಪ್ಯಾಕೆಟ್ ಮೇಲಿನ ಅಯೋಡಿನ್ ಅನ್ನೋ ಪದದ ಹಿಂದಿನ ಕಥೆ ಅದು.

ಈ ಹಸಿವನ್ನ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ.

ಹಾಲಿನಲ್ಲಿ ಬಂದ ವಿಷ

1986ರ ಏಪ್ರಿಲ್ 26. ಆಗಿನ ಸೋವಿಯತ್ ಒಕ್ಕೂಟದ ಉಕ್ರೇನ್‌ನಲ್ಲಿ ಚೆರ್ನೋಬಿಲ್ ಅಣು ಸ್ಥಾವರದ ನಾಲ್ಕನೇ ರಿಯಾಕ್ಟರ್ ರಾತ್ರಿ ಸ್ಫೋಟವಾಯಿತು. ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 49,000 ಜನರನ್ನ ಮಾರನೇ ದಿನ ಮಧ್ಯಾಹ್ನ ಬಸ್ಸುಗಳಲ್ಲಿ ಹೊರಗೆ ಸಾಗಿಸಿದರು. ಹೊರಗಿನ ಜಗತ್ತಿಗೆ ವಿಷಯ ಗೊತ್ತಾಗಿದ್ದು ಏಪ್ರಿಲ್ 28ಕ್ಕೆ, ಅದೂ ದೂರದ ಸ್ವೀಡನ್‌ನ ಒಂದು ಅಣು ಸ್ಥಾವರದಲ್ಲಿ ವಿಕಿರಣದ ಅಲಾರಂ ಹೊಡೆದುಕೊಂಡ ಮೇಲೆ.

ರಿಯಾಕ್ಟರಿನಿಂದ ಹೊರಬಿದ್ದ ಹಲವು ವಸ್ತುಗಳಲ್ಲಿ ಒಂದು ಅಯೋಡಿನ್-131. ಇದು ವಿಕಿರಣ ಸೂಸೋ ಅಯೋಡಿನ್. ಗಾಳಿಯಲ್ಲಿ ತೇಲಿಹೋಗಿ ಬೆಲಾರೂಸ್, ಉಕ್ರೇನ್, ರಷ್ಯಾದ ಹುಲ್ಲುಗಾವಲುಗಳ ಮೇಲೆ ಬಿತ್ತು. ಹುಲ್ಲನ್ನ ಹಸು ಮೇಯ್ತು. ಅಯೋಡಿನ್ ಹಾಲಿಗೆ ಇಳಿಯಿತು. ಹಾಲನ್ನ ಮಕ್ಕಳು ಕುಡಿದರು. ಗ್ರಂಥಿಗೆ ಇದು ಒಳ್ಳೇ ಅಯೋಡಿನ್ನೋ ಕೆಟ್ಟ ಅಯೋಡಿನ್ನೋ ಅಂತ ಗೊತ್ತಾಗಲ್ಲ. ಸಿಕ್ಕಿದ್ದನ್ನ ಹೀರಿಕೊಂಡು ಒಳಗಿಟ್ಟುಕೊಳ್ತು.

ಮಕ್ಕಳಿಗೇ ಯಾಕೆ ಹೆಚ್ಚು ಪೆಟ್ಟು? ಒಂದು, ಅವರು ದೊಡ್ಡವರಿಗಿಂತ ಹೆಚ್ಚು ಹಾಲು ಕುಡೀತಾರೆ. ಎರಡು, ಅವರ ಗ್ರಂಥಿ ತುಂಬಾ ಚಿಕ್ಕದು, ಅಷ್ಟೇ ಅಯೋಡಿನ್ ಪುಟ್ಟ ಜಾಗದಲ್ಲಿ ಸೇರಿಕೊಂಡಾಗ ವಿಕಿರಣದ ಪ್ರಮಾಣ ಹಲವು ಪಟ್ಟಾಗುತ್ತೆ. ಮೂರು, ಬೆಳೆಯೋ ವಯಸ್ಸಿನಲ್ಲಿ ಜೀವಕೋಶಗಳು ಬೇಗ ಬೇಗ ವಿಭಜನೆ ಆಗ್ತಿರುತ್ತವೆ, ಆಗ ಆದ ಹಾನಿ ಮುಂದುವರಿಯೋ ಸಾಧ್ಯತೆ ಜಾಸ್ತಿ. ಅದರ ಮೇಲೆ ಆ ಪ್ರದೇಶದ ಊಟದಲ್ಲಿ ಅಯೋಡಿನ್ ಮೊದಲೇ ಕಮ್ಮಿ. ಹಸಿದ ಗ್ರಂಥಿ ಸಿಕ್ಕಿದ್ದನ್ನ ಇನ್ನೂ ಹೆಚ್ಚು ಹೀರಿಕೊಳ್ತು. 2005ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಅಯೋಡಿನ್ ಕೊರತೆ ಇದ್ದ ಕಡೆ ಅಪಾಯ ಸುಮಾರು ಮೂರು ಪಟ್ಟು.

ಇಷ್ಟಾದ್ರೂ ತಪ್ಪಿಸೋಕೆ ದಾರಿ ಇತ್ತು. ಅಯೋಡಿನ್-131ರ ಅರ್ಧಾಯುಷ್ಯ ಬರೀ 8 ದಿನ. ಅಂದ್ರೆ 8 ದಿನಕ್ಕೆ ಅರ್ಧ, 16 ದಿನಕ್ಕೆ ಕಾಲು ಭಾಗ ಉಳಿಯುತ್ತೆ. 80 ದಿನ ಕಳೆದ್ರೆ ಸಾವಿರದಲ್ಲಿ ಒಂದು ಭಾಗ. ಕೆಲವು ವಾರ ತಾಜಾ ಹಾಲು ನಿಲ್ಲಿಸಿದ್ರೆ ಸಾಕಿತ್ತು. ಪಕ್ಕದ ಪೋಲೆಂಡ್ ಅದನ್ನೇ ಮಾಡ್ತು. ಮೇಯೋ ಹಸುಗಳ ಹಾಲಿಗೆ ನಿರ್ಬಂಧ ಹಾಕಿ, ಏಪ್ರಿಲ್ 29ರಿಂದಲೇ ಸಾಮಾನ್ಯ ಅಯೋಡಿನ್ ಹಂಚೋಕೆ ಶುರು ಮಾಡಿತು. ಸುಮಾರು ಒಂದು ಕೋಟಿ ಮಕ್ಕಳಿಗೆ ಅದು ತಲುಪಿತು. ಒಳ್ಳೇ ಅಯೋಡಿನ್‌ನಿಂದ ಹೊಟ್ಟೆ ತುಂಬಿದ ಗ್ರಂಥಿ ಕೆಟ್ಟದ್ದನ್ನ ಒಳಗೆ ಬಿಟ್ಟುಕೊಳ್ಳಲ್ಲ, ಅಷ್ಟೇ ತಂತ್ರ. ಬೆಲಾರೂಸಿನ ಹಳ್ಳಿಗಳಲ್ಲಿ ಮಾತ್ರ ಮೊದಲ ದಿನಗಳಲ್ಲಿ ಬಹಳಷ್ಟು ಜನಕ್ಕೆ ಹಾಲು ಕುಡೀಬೇಡಿ ಅಂತ ಹೇಳೋರೇ ಇರಲಿಲ್ಲ. ಮೇ 1ರಂದು ಮೆರವಣಿಗೆಗಳೂ ನಡೆದವು.

"ಅದು ನೀವು ಹುಡುಕ್ತಿರೋದಕ್ಕೆ ಸಿಗ್ತಿದೆ"

ನಾಲ್ಕು ವರ್ಷ ಕಳೀತು. ಬೆಲಾರೂಸಿನ ಮಿನ್ಸ್ಕ್‌ನ ಡಾಕ್ಟರುಗಳಿಗೆ ವಿಚಿತ್ರ ಅನ್ನಿಸತೊಡಗಿತು. ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ತುಂಬಾ ಅಪರೂಪ. ಇಡೀ ದೇಶದಲ್ಲಿ 1986ರಿಂದ 1989ರವರೆಗೆ ವರ್ಷಕ್ಕೆ ಸರಾಸರಿ ನಾಲ್ಕು ಪ್ರಕರಣ. 1991ರಲ್ಲಿ ಅದು 55. ಅಲ್ಲಿನ ಆರೋಗ್ಯ ಸಚಿವ ಕಝಾಕೋವ್, ಸರ್ಜನ್ ಡೆಮಿಡ್‌ಚಿಕ್, ವೈದ್ಯೆ ಅಸ್ತಖೋವಾ ಸೇರಿ 1992ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದು ಇದನ್ನ ಜಗತ್ತಿನ ಮುಂದಿಟ್ಟರು.

ಜಗತ್ತು ಸುಲಭಕ್ಕೆ ನಂಬಲಿಲ್ಲ. ಆಕ್ಷೇಪಗಳು ಪೂರ್ತಿ ಪೊಳ್ಳಾಗಿಯೂ ಇರಲಿಲ್ಲ ಅನ್ನೋದನ್ನ ಗಮನಿಸಿ. ವಿಕಿರಣದಿಂದ ಗಡ್ಡೆ ಬರೋಕೆ ಸುಮಾರು ಹತ್ತು ವರ್ಷ ಬೇಕು, ನಾಲ್ಕೇ ವರ್ಷಕ್ಕೆ ಹೇಗೆ ಬರುತ್ತೆ ಅನ್ನೋದು ಒಂದು. ದುರಂತದ ನಂತರ ಎಲ್ಲಾ ಮಕ್ಕಳ ಕುತ್ತಿಗೆ ಪರೀಕ್ಷೆ ಮಾಡ್ತಿದ್ದೀರಿ, ಹುಡುಕಿದ್ರೆ ಸಿಕ್ಕೇ ಸಿಗುತ್ತೆ ಅನ್ನೋದು ಇನ್ನೊಂದು.

ಈ ಎರಡನೇ ವಾದಕ್ಕೆ ಉತ್ತರ ಹೇಗೆ ಕೊಡೋದು? ಇಲ್ಲಿ ವಿಜ್ಞಾನ ಒಂದು ಚೆಂದದ ಉಪಾಯ ಹುಡುಕಿತು. ಅಯೋಡಿನ್-131 ಕೆಲವು ತಿಂಗಳಲ್ಲಿ ಮಾಯ ಆಗುತ್ತೆ ಅಂದೆ ಅಲ್ವಾ? ಹಾಗಾದ್ರೆ 1987ರ ನಂತರ ಅದೇ ಊರಲ್ಲಿ, ಅದೇ ಮನೆಗಳಲ್ಲಿ ಹುಟ್ಟಿದ ಮಕ್ಕಳ ಗ್ರಂಥಿಗೆ ಅದು ಸೇರಿರೋಕೆ ಸಾಧ್ಯವಿಲ್ಲ. ಬೆಲಾರೂಸಿನಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಗೋಮೆಲ್ ಪ್ರದೇಶದಲ್ಲಿ ಜಪಾನ್ ಮತ್ತು ಬೆಲಾರೂಸಿನ ತಂಡ ಎರಡೂ ಗುಂಪಿನ ಶಾಲಾ ಮಕ್ಕಳಿಗೆ ಒಂದೇ ರೀತಿ ಅಲ್ಟ್ರಾಸೌಂಡ್ ಮಾಡಿತು. ಮಷೀನ್ ಒಂದೇ, ಹುಡುಕೋ ರೀತಿ ಒಂದೇ.

ಫಲಿತಾಂಶ 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ದುರಂತಕ್ಕೆ ಮೊದಲೇ, 1983ರಿಂದ 1986ರ ಏಪ್ರಿಲ್ ನಡುವೆ ಹುಟ್ಟಿದ್ದ 9,720 ಮಕ್ಕಳಲ್ಲಿ 31 ಮಂದಿಗೆ ಕ್ಯಾನ್ಸರ್. ದುರಂತದ ವೇಳೆ ತಾಯಿಯ ಹೊಟ್ಟೆಯಲ್ಲಿದ್ದ 2,409 ಮಕ್ಕಳಲ್ಲಿ ಒಬ್ಬರಿಗೆ. 1987ರಿಂದ 1989ರ ನಡುವೆ ಹುಟ್ಟಿದ 9,472 ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತಾ? ಸೊನ್ನೆ.

ಒಂದೇ ಊರು, ಒಂದೇ ಮಷೀನ್. ಕೆಲವೇ ತಿಂಗಳು ಮೊದಲು ಹುಟ್ಟಿದ್ದಕ್ಕೆ, ಆ ವಸಂತದಲ್ಲಿ ಹಾಲು ಕುಡಿದಿದ್ದಕ್ಕೆ, 31. ಆಮೇಲೆ ಹುಟ್ಟಿದ್ದಕ್ಕೆ ಸೊನ್ನೆ. ಬರೀ ಹುಡುಕಾಟದಿಂದ ಸಿಕ್ಕಿದ್ದಾಗಿದ್ರೆ ಎರಡೂ ಗುಂಪಿನಲ್ಲಿ ಸಿಗಬೇಕಿತ್ತು. ವಾದ ಅಲ್ಲಿಗೆ ಬಹುಮಟ್ಟಿಗೆ ಮುಗೀತು.

ಆ ಮಕ್ಕಳ ಗತಿ ಏನಾಯ್ತು ಅಂತ ಕೇಳ್ತೀರಿ. ವಿಶ್ವಸಂಸ್ಥೆಯ ವಿಕಿರಣ ಸಮಿತಿಯ ಲೆಕ್ಕದಲ್ಲಿ, ದುರಂತದ ವೇಳೆ ಮಕ್ಕಳೋ ಹದಿಹರೆಯದವರೋ ಆಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಪ್ರಕರಣ ಪತ್ತೆಯಾಗಿದ್ದವು. ಅಷ್ಟರೊಳಗೆ ಈ ಕ್ಯಾನ್ಸರಿನಿಂದ ಸತ್ತವರು 15 ಮಂದಿ. ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗೋ ಕ್ಯಾನ್ಸರ್. ಹಾಗಂತ ಬದುಕಿದವರು ಸುಖವಾಗಿ ಬದುಕಿದರು ಅಂತ ಅಲ್ಲ. ಗ್ರಂಥಿ ತೆಗೆದ ಮೇಲೆ ಜೀವನಪೂರ್ತಿ ದಿನಾ ಬೆಳಿಗ್ಗೆ ಮಾತ್ರೆ. ಕುತ್ತಿಗೆಗೆ ಅಡ್ಡಲಾಗಿ ಆಪರೇಷನ್ ಗುರುತು. ಆ ಗುರುತಿಗೆ ಅಲ್ಲಿ 'ಚೆರ್ನೋಬಿಲ್ ಹಾರ' ಅಂತ ಹೆಸರೇ ಬಿತ್ತು.

ಇನ್ನೊಂದು ಅಂಕಿ ಹೇಳಿಬಿಡ್ತೀನಿ, ಯಾಕಂದ್ರೆ ಅದು ಮುಂದಿನ ಭಾಗಕ್ಕೆ ಸೇತುವೆ. 1991ರಿಂದ 2015ರವರೆಗೆ ಅದೇ ಗುಂಪಿನಲ್ಲಿ ಪ್ರಕರಣಗಳು 19,000 ದಾಟಿದವು. ಇದರಲ್ಲಿ ವಿಕಿರಣದ ಪಾಲು ಸುಮಾರು 25% ಅಂತ 2018ರಲ್ಲಿ ಅದೇ ಸಮಿತಿ ಅಂದಾಜು ಮಾಡಿತು. ಉಳಿದದ್ದು? ಆ ಮಕ್ಕಳು ದೊಡ್ಡವರಾದರು, ವಯಸ್ಸಾದ ಹಾಗೆ ಈ ಕಾಯಿಲೆ ಸಹಜವಾಗೇ ಹೆಚ್ಚು. ಜೊತೆಗೆ ಸ್ಕ್ಯಾನಿಂಗ್ ಮಷೀನ್‌ಗಳೂ ಚುರುಕಾದವು. ಅಂದ್ರೆ ಚೆರ್ನೋಬಿಲ್‌ನಲ್ಲೂ ಗ್ರಾಫಿನ ಪೂರ್ತಿ ಏರಿಕೆಗೆ ಒಂದೇ ಕಾರಣ ಇರಲಿಲ್ಲ.

ಅಟ್ಟಕ್ಕೆ ಟಾರ್ಚ್ ಬಿಟ್ಟಾಗ

ಈಗ ಫುಕುಶಿಮಾ. 2011ರ ಮಾರ್ಚ್ 11, ಜಪಾನಿನಲ್ಲಿ ಭೂಕಂಪ, ಸುನಾಮಿ, ಅದರ ಹಿಂದೆಯೇ ಅಣು ಸ್ಥಾವರದ ದುರಂತ. ಚೆರ್ನೋಬಿಲ್‌ನ ಪಾಠ ಎದುರಿಗಿತ್ತು. ಜನರನ್ನ ಬೇಗ ಸ್ಥಳಾಂತರಿಸಿದರು, ಹಾಲು ಸೊಪ್ಪುಗಳ ಮೇಲೆ ನಿಯಂತ್ರಣ ಬಂತು. ಕಡಲಪಾಚಿ ತಿನ್ನೋ ಜಪಾನೀಯರ ಊಟದಲ್ಲಿ ಅಯೋಡಿನ್ ಮೊದಲೇ ಧಾರಾಳ. ಹೀಗಾಗಿ ಮಕ್ಕಳ ಥೈರಾಯ್ಡಿಗೆ ತಲುಪಿದ ವಿಕಿರಣ ಚೆರ್ನೋಬಿಲ್‌ಗಿಂತ ಹತ್ತಾರು ಪಟ್ಟು ಕಡಿಮೆ ಅನ್ನೋದು ಅಂದಾಜು.

ಆದ್ರೂ ಪೋಷಕರಿಗೆ ಧೈರ್ಯ ಬೇಕಿತ್ತು. ದುರಂತದ ವೇಳೆ 18 ವರ್ಷದೊಳಗಿದ್ದ ಪ್ರಾಂತ್ಯದ ಎಲ್ಲ ಮಕ್ಕಳಿಗೂ ಅಲ್ಟ್ರಾಸೌಂಡ್ ಮಾಡ್ತೀವಿ ಅಂತ ಸರ್ಕಾರ ಹೊರಟಿತು. ಮೊದಲ ಸುತ್ತಿನಲ್ಲೇ ಸುಮಾರು 3 ಲಕ್ಷ ಮಕ್ಕಳ ಪರೀಕ್ಷೆ ಆಯ್ತು. ಉದ್ದೇಶ ಒಳ್ಳೇದೇ. ನಡೆದದ್ದು ಬೇರೆ.

ಸುಮಾರು ಅರ್ಧದಷ್ಟು ಮಕ್ಕಳ ಗ್ರಂಥಿಯಲ್ಲಿ ಸಣ್ಣ ನೀರುಗುಳ್ಳೆಯೋ ಪುಟ್ಟ ಗಂಟೋ ಕಾಣಿಸ್ತು. 'ಎ2' ಅನ್ನೋ ಗುರುತಿನ ಪತ್ರ ಮನೆಗೆ ಬಂತು. ಇದರಿಂದ ತೊಂದರೆ ಇಲ್ಲ ಅಂತ ಅದರಲ್ಲೇ ಬರೆದಿದ್ರೂ ಮಗುವಿನ ಕುತ್ತಿಗೆಯಲ್ಲಿ ಏನೋ ಇದೆ ಅಂತ ಓದಿದ ತಾಯಿಗೆ ನಿದ್ದೆ ಬರುತ್ತಾ? ಇದರ ಜೊತೆ ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಕ್ಯಾನ್ಸರ್ ಖಚಿತ ಅಥವಾ ಶಂಕಿತ ಅಂತ ಬಂತು. ಮಾಮೂಲಿ ಲೆಕ್ಕದಲ್ಲಿ ಬರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 2015ರಲ್ಲಿ ಜಪಾನಿನದೇ ಒಂದು ಸಂಶೋಧಕರ ತಂಡ ಇದು ವಿಕಿರಣದ್ದೇ ಪರಿಣಾಮ ಅಂತ ವಾದಿಸಿತು. ಹೆಡ್‌ಲೈನುಗಳು ಹೇಗಿದ್ದವು ಅಂತ ನೀವೇ ಊಹಿಸಿಕೊಳ್ಳಿ.

ಹಳೇ ಮನೆಯ ಅಟ್ಟಕ್ಕೆ ಒಂದು ದಿನ ದೊಡ್ಡ ಟಾರ್ಚ್ ಬಿಟ್ಟರೆ ಜಿರಳೆ, ಜೇಡ, ಇಲಿ ಹಿಕ್ಕೆ ಎಲ್ಲ ಕಾಣುತ್ತೆ. ಅವು ನಿನ್ನೆ ಬಂದವಲ್ಲ. ಟಾರ್ಚ್ ನಿನ್ನೆ ಬಂತು, ಅಷ್ಟೇ. ಹಾಗಾದ್ರೆ ವಿಕಿರಣ ಬೀಳದ ಊರಿನ ಅಟ್ಟಕ್ಕೂ ಟಾರ್ಚ್ ಬಿಟ್ಟು ನೋಡಬೇಕಲ್ವಾ? ಜಪಾನ್ ಅದನ್ನೂ ಮಾಡಿತು. ಫುಕುಶಿಮಾದಿಂದ ದೂರದ ಅಓಮೊರಿ, ಯಾಮಾನಾಶಿ, ನಾಗಸಾಕಿ ಪ್ರಾಂತ್ಯಗಳಲ್ಲಿ 4,365 ಮಕ್ಕಳಿಗೆ ಅದೇ ಥರದ ಸ್ಕ್ಯಾನ್. ಅಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ 'ಎ2'. ಒಂದು ಕ್ಯಾನ್ಸರ್ ಕೂಡ ಸಿಕ್ಕಿತು.

ಇನ್ನೊಂದು ಸುಳಿವು ವಯಸ್ಸಿನದು. ಚೆರ್ನೋಬಿಲ್‌ನಲ್ಲಿ ಹೆಚ್ಚು ಪೆಟ್ಟು ತಿಂದವರು ಅಂಗನವಾಡಿ ವಯಸ್ಸಿನ ಪುಟಾಣಿಗಳು. ಫುಕುಶಿಮಾದ ಮೊದಲ ಸುತ್ತಿನಲ್ಲಿ ಸಿಕ್ಕವರು ಹೆಚ್ಚಾಗಿ ಹದಿಹರೆಯದವರು, ದುರಂತದ ವೇಳೆ ಐದು ವರ್ಷದೊಳಗಿದ್ದ ಒಬ್ಬರೂ ಅದರಲ್ಲಿರಲಿಲ್ಲ. ಇದೆಲ್ಲವನ್ನ ತೂಗಿ ನೋಡಿ ವಿಶ್ವಸಂಸ್ಥೆಯ ವಿಕಿರಣ ಸಮಿತಿ 2021ರಲ್ಲಿ ಹೊರತಂದ ವರದಿಯಲ್ಲಿ, ಈ ಏರಿಕೆಗೆ ಸೂಕ್ಷ್ಮ ಸ್ಕ್ಯಾನಿಂಗೇ ಮುಖ್ಯ ಕಾರಣ ಅನ್ನೋ ಅಭಿಪ್ರಾಯ ಕೊಟ್ಟಿತು.

ಆದ್ರೆ ಇದನ್ನ ಕೇಳಿ ಆ ಮಕ್ಕಳ ಸಿಟ್ಟನ್ನ ತಳ್ಳಿಹಾಕಬಾರದು. ದುರಂತದ ಮೊದಲ ವಾರಗಳಲ್ಲಿ ಥೈರಾಯ್ಡನ್ನ ನೇರವಾಗಿ ಅಳೆದದ್ದು ಸಾವಿರ ಚಿಲ್ಲರೆ ಮಕ್ಕಳದ್ದು ಮಾತ್ರ. ಅಯೋಡಿನ್ ಮಾಯವಾದ ಮೇಲೆ ಅಳೆಯೋಕೆ ಏನೂ ಉಳಿಯಲ್ಲ. "ನನ್ನ ಗ್ರಂಥಿಗೆ ಎಷ್ಟು ಸೇರಿತ್ತು?" ಅಂತ ಕೇಳೋ ಒಬ್ಬ ಹುಡುಗಿಗೆ ಅಂದಾಜಿನ ಉತ್ತರ ಮಾತ್ರ ಸಿಗುತ್ತೆ. 2022ರ ಜನವರಿಯಲ್ಲಿ ಆರು ಮಂದಿ ಯುವಜನರು ಸ್ಥಾವರ ನಡೆಸ್ತಿದ್ದ ಟೆಪ್ಕೊ ಕಂಪನಿಯ ವಿರುದ್ಧ ಟೋಕಿಯೊ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಅವರ ಕುತ್ತಿಗೆಯ ಗಾಯ ನಿಜ, ಕೈಬಿಟ್ಟ ಓದು ಕೆಲಸಗಳೂ ನಿಜ. ಅಂಕಿಅಂಶ ಲಕ್ಷ ಜನರ ಬಗ್ಗೆ ಮಾತಾಡುತ್ತೆ, ಒಬ್ಬರ ಬಗ್ಗೆ ಖಚಿತವಾಗಿ ಹೇಳೋಕೆ ಅದಕ್ಕೆ ಬರಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2018ರಲ್ಲಿ ಇದರಿಂದ ಒಂದು ಪಾಠ ಬರೆದರು. ಅಣು ದುರಂತ ಆದ್ರೂ ಇಡೀ ಜನಸಮುದಾಯಕ್ಕೆ ಥೈರಾಯ್ಡ್ ಸ್ಕ್ರೀನಿಂಗ್ ಮಾಡಬೇಡಿ. ಹೆಚ್ಚು ವಿಕಿರಣ ತಗುಲಿದ ಮಕ್ಕಳಿಗೆ ಮಾತ್ರ, ವಿವರಿಸಿ, ಅವರ ಒಪ್ಪಿಗೆ ಮೇಲೆ ದೀರ್ಘಕಾಲ ನಿಗಾ ಇಡಿ.

ದುರಂತವೇ ಇಲ್ಲದ ಕಡೆ ಏರಿಕೆ

ಇನ್ನೂ ಕುತೂಹಲದ ವಿಷಯ ಅಂದ್ರೆ ಯಾವ ದುರಂತವೂ ನಡೆಯದ ದೇಶಗಳಲ್ಲೂ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಗ್ರಾಫ್ ಏರ್ತಾ ಬಂದಿದೆ. 49 ದೇಶ ಮತ್ತು ಪ್ರಾಂತ್ಯಗಳ ಅಂಕಿಗಳನ್ನ ಇಟ್ಟುಕೊಂಡು 2021ರಲ್ಲಿ ಒಂದು ಅಧ್ಯಯನ ಬಂತು. ಬಹುತೇಕ ಕಡೆ ಏರಿಕೆ. ಎಲ್ಲಿ ದೊಡ್ಡವರಲ್ಲಿ ಏರಿದೆಯೋ ಅಲ್ಲೇ ಮಕ್ಕಳಲ್ಲೂ ಏರಿದೆ. ಆದ್ರೆ ಸಾವು? ಪ್ರತಿ ದೇಶದಲ್ಲೂ ವರ್ಷಕ್ಕೆ 10 ಕೋಟಿ ಮಕ್ಕಳಿಗೆ ಒಂದಕ್ಕಿಂತ ಕಡಿಮೆ. ಪತ್ತೆ ಏರ್ತಿದೆ, ಸಾವು ಕದಲ್ತಿಲ್ಲ. ಇದಕ್ಕೆ ಅತಿಪತ್ತೆ ಅಂತಾರೆ. ಕಂಡುಹಿಡಿಯದೇ ಇದ್ದಿದ್ರೆ ಜೀವಮಾನದಲ್ಲಿ ತೊಂದರೆ ಕೊಡದೇ ಇರ್ತಿದ್ದ ಕ್ಯಾನ್ಸರನ್ನ ಕಂಡುಹಿಡಿಯೋದು.

ಅಂಥ ಕ್ಯಾನ್ಸರ್ ಇರುತ್ತಾ ಅಂತ ಆಶ್ಚರ್ಯ ಆಗಬಹುದು. 1985ರಲ್ಲಿ ಫಿನ್‌ಲೆಂಡಿನಲ್ಲಿ, ಬೇರೆ ಬೇರೆ ಕಾರಣಕ್ಕೆ ತೀರಿಕೊಂಡಿದ್ದ 101 ವಯಸ್ಕರ ಥೈರಾಯ್ಡನ್ನ ತೆಳ್ಳಗೆ ಕತ್ತರಿಸಿ ನೋಡಿದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಜನರಲ್ಲಿ ಪುಟ್ಟ ಪುಟ್ಟ ಕ್ಯಾನ್ಸರ್ ಇತ್ತು. ಅದು ಇದೆ ಅಂತ ಗೊತ್ತಾಗದೇ ಅವರು ಬದುಕಿ ಹೋಗಿದ್ದರು.

ದೊಡ್ಡವರಲ್ಲಿ ಇದರ ದೊಡ್ಡ ಉದಾಹರಣೆ ದಕ್ಷಿಣ ಕೊರಿಯಾ. 1999ರಲ್ಲಿ ಅಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರುವಾಯ್ತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ, ಆದ್ರೆ ಸ್ವಲ್ಪ ದುಡ್ಡು ಸೇರಿಸಿದ್ರೆ ಅದರ ಸ್ಕ್ಯಾನೂ ಮಾಡಿಕೊಡ್ತೀವಿ ಅಂತ ಆಸ್ಪತ್ರೆಗಳು ಹೇಳಿದವು. 2011ರ ಹೊತ್ತಿಗೆ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಪತ್ತೆಯಾದ ಬಹುತೇಕರಿಗೆ ಆಪರೇಷನ್ ಆಯ್ತು, ಕೆಲವರಿಗೆ ಧ್ವನಿಯ ನರಕ್ಕೆ ಪೆಟ್ಟು, ಕೆಲವರಿಗೆ ಕ್ಯಾಲ್ಸಿಯಂ ಸಮಸ್ಯೆ. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಇದು ಸಾಕು ಅಂತ ದನಿ ಎತ್ತಿದರು. ಒಂದೇ ವರ್ಷದಲ್ಲಿ ಆಪರೇಷನ್‌ಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಬೆಟ್ಟ ಅಂದ್ರೆ ಜನರ ಕುತ್ತಿಗೆ.

ನಮ್ಮ ಪಕ್ಕದಲ್ಲೂ ಇದರ ನೆರಳಿದೆ. ಕೇರಳದ ತಿರುವನಂತಪುರ ಭಾಗದ ಮಹಿಳೆಯರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ ದೇಶದ ಬೇರೆ ಭಾಗಗಳಿಗಿಂತ ಬಹಳ ಹೆಚ್ಚು. ಕೇರಳದ ಕರಾವಳಿ ಮರಳಲ್ಲಿ ಮೋನಜೈಟ್ ಇದೆ, ಅದರ ವಿಕಿರಣ ಕಾರಣ ಅಂತ ವಾಟ್ಸ್ಆ್ಯಪ್‌ನಲ್ಲಿ ಹೇಳೋರಿದ್ದಾರೆ. ಆದ್ರೆ ಆ ಮರಳಿನ ಕರುನಾಗಪ್ಪಳ್ಳಿಯಲ್ಲಿ ದಶಕಗಳ ಕಾಲ ನಡೆದ ಅಧ್ಯಯನದಲ್ಲಿ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಹೆಚ್ಚು ಸ್ಕ್ಯಾನಿಂಗ್ ನಡೆಯೋ ಕಡೆ ಹೆಚ್ಚು ಪತ್ತೆ ಅನ್ನೋ ವಿವರಣೆಯೇ ಹೆಚ್ಚು ಹೊಂದುತ್ತೆ.

ಇಷ್ಟು ಕೇಳಿ "ಓ, ಹಾಗಾದ್ರೆ ಎಲ್ಲಾ ಸುಳ್ಳು ಏರಿಕೆ" ಅಂತ ತೀರ್ಮಾನ ಮಾಡ್ಬೇಡಿ. ಅಮೆರಿಕದಲ್ಲಿ 1998ರಿಂದ 2013ರವರೆಗೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ಸರಾಸರಿ 4.43% ಏರಿತು. ಚಿಕ್ಕ ಗಡ್ಡೆಗಳಷ್ಟೇ ಏರಿದ್ರೆ ಸ್ಕ್ಯಾನಿಂಗ್ ಕಾರಣ ಅಂತ ಸುಮ್ಮನಾಗಬಹುದಿತ್ತು. ಅಲ್ಲಿ ಎರಡು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಗಳೂ, ಬೇರೆ ಕಡೆ ಹರಡಿದ ಪ್ರಕರಣಗಳೂ ಏರಿವೆ. ಅದಕ್ಕೇ ಆ ಸಂಶೋಧಕರು, ಸ್ವಲ್ಪ ಭಾಗ ನಿಜವಾದ ಏರಿಕೆಯೂ ಇರಬಹುದು ಅಂತಾರೆ. ಮಕ್ಕಳಿಗೆ ಹೆಚ್ಚಾಗಿರೋ ಸಿಟಿ ಸ್ಕ್ಯಾನ್, ಬೊಜ್ಜು, ಇವು ಅನುಮಾನದ ಪಟ್ಟಿಯಲ್ಲಿವೆ. ಕೇಸ್ ಇನ್ನೂ ಕ್ಲೋಸ್ ಆಗಿಲ್ಲ.

ಹಾಗಾದ್ರೆ ನಾವೇನು ಮಾಡೋಣ?

ಈ ಸಂಚಿಕೆಗೆ ತಯಾರಿ ಮಾಡ್ತಿದ್ದಾಗ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಹೆಲ್ತ್ ಪ್ಯಾಕೇಜಿನಲ್ಲಿ ಕುತ್ತಿಗೆ ಸ್ಕ್ಯಾನೂ ಇತ್ತಂತೆ. ನಾಲ್ಕು ಮಿಲಿಮೀಟರ್ ಗಂಟು ಅಂತ ರಿಪೋರ್ಟ್. "ಅಮ್ಮ ಅವತ್ತಿಂದ ಊಟ ಬಿಟ್ಟಿದ್ದಾರೆ, ತಂಗಿಗೂ ಸ್ಕ್ಯಾನ್ ಮಾಡಿಸು ಅಂತ ಹಠ ಹಿಡಿದಿದ್ದಾರೆ, ಮಾಡಿಸ್ಲಾ?" ಅನ್ನೋದು ಪ್ರಶ್ನೆ. ತಂಗಿಗೆ 15 ವರ್ಷ.

ನಾನು ಡಾಕ್ಟರ್ ಅಲ್ಲ. ಒಬ್ಬೊಬ್ಬರ ರಿಪೋರ್ಟಿಗೆ ನಿಮ್ಮ ಡಾಕ್ಟರೇ ಉತ್ತರ ಹೇಳಬೇಕು. ಆದ್ರೆ ಪ್ರಕಟವಾಗಿರೋ ಸಲಹೆಗಳು ಏನು ಹೇಳ್ತವೆ ಅನ್ನೋದನ್ನ ಹೇಳಬಲ್ಲೆ.

ಒಂದು. ಯಾವ ಲಕ್ಷಣವೂ ಇಲ್ಲದವರಿಗೆ "ಇರಲಿ, ನೋಡೇಬಿಡೋಣ" ಅಂತ ಥೈರಾಯ್ಡ್ ಸ್ಕ್ಯಾನ್ ಬೇಡ. ಅಮೆರಿಕದ ತಜ್ಞರ ಕಾರ್ಯಪಡೆ 2017ರಲ್ಲಿ ವಯಸ್ಕರ ವಿಷಯದಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿದೆ. ಪ್ಯಾಕೇಜಿನಲ್ಲಿ ಫ್ರೀ ಇದೆ ಅನ್ನೋದು ಕಾರಣ ಆಗಲ್ಲ. ಸ್ಕ್ಯಾನ್ ಫ್ರೀ ಇರಬಹುದು, ಆಮೇಲಿನ ಸೂಜಿ ಪರೀಕ್ಷೆ, ನಿದ್ದೆ ಇಲ್ಲದ ರಾತ್ರಿ, ಬೇಡದ ಆಪರೇಷನ್, ಇದ್ಯಾವುದೂ ಫ್ರೀ ಅಲ್ಲ.

ಎರಡು, ಇದಕ್ಕೆ ಉಲ್ಟಾ, ಮತ್ತು ಅಷ್ಟೇ ಮುಖ್ಯ. ಕೈಗೆ ಸಿಗೋ ಗಂಟು ಇದ್ರೆ ಬಿಡಬೇಡಿ. ದೊಡ್ಡವರಲ್ಲಿ ಥೈರಾಯ್ಡ್ ಗಂಟು ಕ್ಯಾನ್ಸರ್ ಆಗಿರೋ ಸಾಧ್ಯತೆ 5ರಿಂದ 10%. ಮಕ್ಕಳಲ್ಲಿ ಪರೀಕ್ಷೆಗೆ ಬರೋ ಗಂಟುಗಳಲ್ಲಿ ಅದು 22ರಿಂದ 26% ಅಂತ 2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮಾರ್ಗಸೂಚಿ ಹೇಳುತ್ತೆ. ಅಂದ್ರೆ ಮಕ್ಕಳಲ್ಲಿ ಗಂಟು ಕಮ್ಮಿ, ಆದ್ರೆ ಇದ್ದರೆ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಕುತ್ತಿಗೆಯಲ್ಲಿ ಎರಡು ಮೂರು ವಾರವಾದ್ರೂ ಕರಗದ ಗಂಟು, ಶೀತ ಕೆಮ್ಮು ಇಲ್ಲದೇ ಒಡೆದ ದನಿ, ನುಂಗೋಕೆ ಕಷ್ಟ, ಇದ್ಯಾವುದಾದ್ರೂ ಇದ್ರೆ ಡಾಕ್ಟರಿಗೆ ತೋರಿಸಿ. ಹದಿಹರೆಯದಲ್ಲಿ ಹುಡುಗಿಯರಲ್ಲಿ ಇದು ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಹುಡುಗಿಗೆ ಕುತ್ತಿಗೆಯಲ್ಲಿ ಗಂಟು ಅಂತ ಊರಲ್ಲಿ ಗೊತ್ತಾದ್ರೆ ಮದುವೆ ಹೇಗೆ ಅಂತ ಮುಚ್ಚಿಡೋ ಮನೆಗಳಿವೆ. ದಯವಿಟ್ಟು ಮುಚ್ಚಿಡಬೇಡಿ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿದ ಮೇಲೆ ಪತ್ತೆಯಾದ ಮಕ್ಕಳೂ ಚಿಕಿತ್ಸೆಯಿಂದ ದಶಕಗಟ್ಟಲೆ ಚೆನ್ನಾಗಿ ಬದುಕ್ತಾರೆ.

ಮೂರು. ಚಿಕ್ಕ ವಯಸ್ಸಲ್ಲಿ ಬೇರೆ ಕ್ಯಾನ್ಸರಿಗೆ ಕುತ್ತಿಗೆ ಭಾಗಕ್ಕೆ ರೇಡಿಯೇಷನ್ ತಗೊಂಡವರು, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇರೋರು, ಇವರ ಲೆಕ್ಕ ಬೇರೆ. ಡಾಕ್ಟರಿಗೆ ಆ ಹಿನ್ನೆಲೆ ತಪ್ಪದೇ ಹೇಳಿ, ಇವರಿಗೆ ನಿಯಮಿತ ತಪಾಸಣೆ ಬೇಕಾಗಬಹುದು. ಮಕ್ಕಳ ಕುತ್ತಿಗೆಗೆ ವಿಕಿರಣ ಒಳ್ಳೇದಲ್ಲ ಅನ್ನೋದು ಚೆರ್ನೋಬಿಲ್‌ಗಿಂತ ಹಳೇ ಪಾಠ. ಅಮೆರಿಕದಲ್ಲಿ ಒಂದು ಕಾಲಕ್ಕೆ ಎದೆಯ ಥೈಮಸ್ ಗ್ರಂಥಿ ದೊಡ್ಡದಿದೆ ಅಂತ ಹಸುಗೂಸುಗಳಿಗೂ ಎಕ್ಸ್‌ರೇ ಚಿಕಿತ್ಸೆ ಕೊಡ್ತಿದ್ದರು. ಅದಕ್ಕೂ ಆ ಮಕ್ಕಳ ಥೈರಾಯ್ಡ್ ಕ್ಯಾನ್ಸರಿಗೂ ನಂಟಿದೆ ಅಂತ 1950ರಲ್ಲೇ ಇಬ್ಬರು ವೈದ್ಯರು ಬರೆದಿದ್ದರು. ಅದಕ್ಕೇ ಮಗು ಬಿದ್ದ ತಕ್ಷಣ "ಸಿಟಿ ಸ್ಕ್ಯಾನ್ ಮಾಡಿ ಡಾಕ್ಟ್ರೇ" ಅಂತ ನಾವೇ ಒತ್ತಾಯ ಮಾಡೋದು ಬೇಡ. ಬೇಕು ಅಂತ ಡಾಕ್ಟರ್ ಹೇಳಿದ್ರೆ ಹಿಂಜರಿಯೋದೂ ಬೇಡ.

ನಾಲ್ಕು, ಉಪ್ಪಿನ ವಿಷಯ. 2011ರಲ್ಲಿ ಫುಕುಶಿಮಾ ಸುದ್ದಿ ಕೇಳಿ ಚೀನಾದಲ್ಲಿ ಜನ ಅಂಗಡಿಗೆ ಮುಗಿಬಿದ್ದು ಉಪ್ಪು ಖಾಲಿ ಮಾಡಿದ್ದರು. ಲೆಕ್ಕ ಹಾಕಿ ನೋಡಿ. ತುರ್ತಿನಲ್ಲಿ ವಯಸ್ಕರಿಗೆ ಕೊಡೋ ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತೆ. ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಇರೋ ಉಪ್ಪಿನಿಂದ ಅಷ್ಟು ಪಡೆಯೋಕೆ ಮೂರು ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು. ದಿನದ ಅಡುಗೆಗೆ ಅಯೋಡಿನ್ ಉಪ್ಪು ಸಾಕು. ಮಾತ್ರೆ ಅಧಿಕಾರಿಗಳು ಹೇಳಿದಾಗ ಮಾತ್ರ.

ಈ ಮಾತನ್ನ ಉತ್ತರ ಕನ್ನಡದ ಕೇಳುಗರಿಗೆ ವಿಶೇಷವಾಗಿ ಹೇಳಬೇಕು, ಯಾಕಂದ್ರೆ ಕೈಗಾ ಸ್ಥಾವರ ನಿಮ್ಮ ಪಕ್ಕದಲ್ಲೇ ಇದೆ. ಅದರ ಸುತ್ತಲ ಊರುಗಳಲ್ಲಿ ಕ್ಯಾನ್ಸರ್ ಬಗ್ಗೆ ಆಗಾಗ ಪ್ರಶ್ನೆ ಏಳುತ್ತೆ, ಏಳಬೇಕು ಕೂಡ. ಆ ಪ್ರಶ್ನೆಗೆ ಉತ್ತರ ಸಿಗಬೇಕಾದ್ರೆ ಹೆದರಿಕೆಯಾಗಲಿ ಸಮಾಧಾನದ ಮಾತಾಗಲಿ ಸಾಲದು, ವರ್ಷ ವರ್ಷದ ಲೆಕ್ಕ ಬೇಕು. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ನೋಂದಣಿ ಇಟ್ಟುಕೊಂಡು ಬಂದಿದೆ. ಮಿನ್ಸ್ಕ್‌ನ ವೈದ್ಯರ ಕೈಲಿ "ಮೊದಲು ನಾಲ್ಕು, ಈಗ 55" ಅನ್ನೋ ಲೆಕ್ಕ ಇರದಿದ್ರೆ ಜಗತ್ತು ಅವರ ಮಾತನ್ನ ಕೇಳ್ತಾನೇ ಇರಲಿಲ್ಲ. ಲೆಕ್ಕ ಇಡೋದು ಬೇಸರದ ಕೆಲಸ, ಆದ್ರೆ ಅಲ್ಲಿ ಮಕ್ಕಳ ಪರವಾಗಿ ಸಾಕ್ಷಿ ಹೇಳಿದ್ದು ಅದೇ.

ಇನ್ನು ಮುಂದೆ "ಮಕ್ಕಳಲ್ಲಿ ಕ್ಯಾನ್ಸರ್ ಇಷ್ಟು ಪಟ್ಟು ಏರಿಕೆ" ಅನ್ನೋ ಫಾರ್ವರ್ಡ್ ಬಂದ್ರೆ ಮೂರು ಪ್ರಶ್ನೆ ಕೇಳಿ. ಹುಡುಕಾಟ ಹೆಚ್ಚಾಗಿದೆಯಾ? ಸಾವೂ ಏರಿದೆಯಾ? ಅದೇ ಥರ ಹುಡುಕಿದ ಬೇರೆ ಊರಿನಲ್ಲಿ ಎಷ್ಟಿದೆ? ಉತ್ತರ ಇಲ್ಲದ ಮೆಸೇಜನ್ನ ಫ್ಯಾಮಿಲಿ ಗ್ರೂಪಿಗೆ ತಳ್ಳಬೇಡಿ.

ವಾಯ್ಸ್ ನೋಟ್ ಕಳಿಸಿದವರಿಗೆ ಒಂದು ಮಾತು. ನಿಮ್ಮ ರಿಪೋರ್ಟನ್ನ ಎಂಡೋಕ್ರೈನ್ ತಜ್ಞರಿಗೆ ಒಮ್ಮೆ ತೋರಿಸಿ. ಅಷ್ಟು ಚಿಕ್ಕ ಗಂಟಿಗೆ ಸಾಮಾನ್ಯವಾಗಿ ಕಾದು ನೋಡಿ ಅಂತಾನೇ ಹೇಳ್ತಾರೆ. ತಂಗಿಯ ಕುತ್ತಿಗೆಯಲ್ಲಿ ಕೈಗೆ ಏನೂ ಸಿಗ್ತಿಲ್ಲ, ತೊಂದರೆ ಇಲ್ಲ, ಮನೆತನದಲ್ಲೂ ಇಲ್ಲ ಅಂದ್ರೆ ಅವಳು ಸ್ಕೂಲಿಗೆ ಹೋಗಲಿ. ಅಮ್ಮನಿಗೆ ಈ ಸಂಚಿಕೆ ಕೇಳಿಸಿ, ಊಟ ಮಾಡಿಸಿ.

ನಿಮ್ಮ ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.